ಅಂಕಿಯ ಜಾಗದಲ್ಲಿ ಎರಡು ಗೀಟು

ಅಫಜಲಪುರದ ಬಸ್ ನಿಲ್ದಾಣದಲ್ಲಿ ಆಳಂದದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಅಲ್ಲಿನ ಹುಡುಗರ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದಿದ್ದರಿಂದ ತಲೆ ಭಾರವಾಗಿತ್ತು. ಹವಳಗಾದ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿತು, ಅದರ ಬೆನ್ನಿಗೇ ಕಾಕಂಬಿಯ ವಾಸನೆ ಬಂತು. ಸಕ್ಕರೆ ಕಾರ್ಖಾನೆ ಅಂದರೆ ಸಿಹಿಯಾಗಿ ಘಮಘಮಿಸುತ್ತದೆ ಎಂದು ತಿಳಿದವರು ಒಮ್ಮೆ ಇಲ್ಲಿ ಬಂದು ಕೂರಬೇಕು. ಹುಳಿ ಬಂದ ರಸ, ಸೀದ ಬೆಲ್ಲ, ಒದ್ದೆ ಸಿಪ್ಪೆ ಎಲ್ಲ ಕಲೆಸಿದ ವಾಸನೆ ಅದು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದಳು. ಅಪ್ಪನ ಕಾರ್ಖಾನೆಯಲ್ಲಿ ನಾನು ಕಳೆದ ಆ ಒಂದು ಹಂಗಾಮಿನಿಂದ ಇಲ್ಲಿಯವರೆಗೆ ಈ ವಾಸನೆ ಬಂದರೆ ಸಾಕು, ಎಲ್ಲಿ ಏನು ತಪ್ಪುತ್ತಿದೆಯೋ ಎಂದು ಎದೆ ಹೊಡೆದುಕೊಳ್ಳುತ್ತದೆ.

ನಮ್ಮಪ್ಪ ಶರಣಪ್ಪ ಬಾಯ್ಲರ್ ಅಟೆಂಡೆಂಟ್ ಆಗಿದ್ದರು. ಮನೆ ಆಳಂದ ತಾಲೂಕಿನ ಮಟಕಿಯಲ್ಲಿ, ಕೆಲಸ ಜೇವರ್ಗಿ ತಾಲೂಕಿನ ನೆಲೋಗಿಯ ಆಚೆ, ಈಗ ಬಾಗಿಲು ಹಾಕಿರುವ ಒಂದು ಸಣ್ಣ ಸಕ್ಕರೆ ಕಾರ್ಖಾನೆಯಲ್ಲಿ. ದೀಪಾವಳಿ ಮುಗಿಯುತ್ತಲೇ ಒಂದು ಟ್ರಂಕು, ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಹೋದರೆಂದರೆ ಕಬ್ಬು ನುರಿಸುವುದು ಮುಗಿಯುವ ತನಕ ಕಾರ್ಖಾನೆಯ ಕ್ವಾರ್ಟರ್ಸೇ ಅವರ ಮನೆ. ಇತ್ತ ಅವ್ವ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿಸಿ ಕಲಬುರಗಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಇಬ್ಬರೂ ಬೆಂಕಿಯ ಮುಂದೆಯೇ ದುಡಿದವರು. ನನಗೆ ಮಾತ್ರ ಕಲಬುರಗಿಯ ಕಾಲೇಜಿನಲ್ಲಿ ಏಸಿ ಹಾಕಿದ ಪ್ರಯೋಗಾಲಯ ಸಿಕ್ಕಿತ್ತು. ಅಲ್ಲಿ ಪಾಠ ಹೇಳುತ್ತ, ಜೊತೆಗೆ ಎಂ.ಟೆಕ್. ಮಾಡುತ್ತ, ಕಂಪ್ಯೂಟರಿನ ಮೆಮೊರಿಯಲ್ಲಿ ಆಗುವ ತಪ್ಪನ್ನು ಅಲ್ಲೇ ತಿದ್ದುವ ಸರ್ಕ್ಯೂಟೊಂದನ್ನು ಕಟ್ಟುತ್ತಿದ್ದೆ.

ಅದು ಏನು ಕೆಲಸ ಎಂದು ಅವ್ವ ಕೇಳಿದಾಗ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೆಮೊರಿಯೊಳಗೆ ಪ್ರತಿ ಅಂಕಿಯೂ ಒಂದು, ಸೊನ್ನೆಗಳ ಸಾಲಾಗಿ ಕೂತಿರುತ್ತದೆ. ಧೂಳು, ಕಾವು, ಕರೆಂಟಿನ ಏರಿಳಿತದಿಂದ ಯಾವುದೋ ಒಂದು ಗಳಿಗೆಯಲ್ಲಿ ಆ ಸಾಲಿನ ಒಂದು ಸೊನ್ನೆ ಒಂದಾಗಿಬಿಡಬಹುದು. ಅದಕ್ಕಾಗಿ ಅಂಕಿಯನ್ನು ಒಳಗೆ ಇಡುವಾಗಲೇ ಅದರ ಜೊತೆ ಕೆಲವು ಸಾಕ್ಷಿಗಳನ್ನೂ ಲೆಕ್ಕ ಹಾಕಿ ಇಡುತ್ತೇವೆ. ತೆಗೆಯುವಾಗ ಸಾಕ್ಷಿಗಳನ್ನು ಮತ್ತೆ ಕೇಳಿದರೆ, ಒಂದೇ ಜಾಗದಲ್ಲಿ ತಪ್ಪಾಗಿದ್ದರೆ ಎಲ್ಲಿ ಎಂದು ಅವೇ ಬೆರಳು ಮಾಡಿ ತೋರಿಸುತ್ತವೆ. ಸರ್ಕ್ಯೂಟು ಅದನ್ನು ಸದ್ದಿಲ್ಲದೆ ತಿದ್ದುತ್ತದೆ. ಎರಡು ಕಡೆ ತಪ್ಪಾಗಿದ್ದರೆ ಮಾತ್ರ ಎಲ್ಲಿ ಎಂದು ಹೇಳಲು ಬರುವುದಿಲ್ಲ, ಏನೋ ಕೆಟ್ಟಿದೆ ಎಂದಷ್ಟೇ ತಿಳಿಯುತ್ತದೆ.

"ಹಂಗಾದ್ರ ಎರಡು ಕಡಿ ತಪ್ಪಿದಾಗ ಏನ್ ಮಾಡ್ತೀ ಬೇ?" ಎಂದು ಅವ್ವ ಕೇಳಿದಳು.

"ಅಂಕಿ ತೋರಸಂಗಿಲ್ಲವ್ವಾ. ಎರಡು ಗೀಟು ತೋರಸ್ತೇನಿ. ನನಗ ಗೊತ್ತಿಲ್ಲ ಅಂದಂಗ."

"ಛಲೋ ಆತು ಬಿಡು. ನಿಮ್ಮಪ್ಪಗೂ ಒಂದೀಟು ಕಲಸು" ಎಂದು ನಕ್ಕಳು. ಗೊತ್ತಿಲ್ಲ ಎನ್ನುವ ಮಾತು ನಮ್ಮಪ್ಪನ ಬಾಯಿಂದ ಬಂದದ್ದನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆ ವರ್ಷ ಕಾರ್ಖಾನೆಯ ಬಾಯ್ಲರಿನ ಹಳೆಯ ಪ್ಯಾನೆಲ್ಲು ಮನಸ್ಸಿಗೆ ಬಂದ ಅಂಕಿ ತೋರಿಸತೊಡಗಿತ್ತು. ಶರಣಪ್ಪನ ಮಗಳು ಇಂಥದ್ದೇ ಏನೋ ಓದುತ್ತಿದ್ದಾಳೆ ಎಂದು ತಿಳಿದ ಚೀಫ್ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು. ಬಾಯ್ಲರಿನ ಮೇಲಿನ ಡ್ರಮ್ಮಿನಲ್ಲಿ ನೀರು ಎಷ್ಟಿದೆ ಎನ್ನುವುದು ಅಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ. ನೀರು ತಳ ಕಂಡರೆ ಕೊಳವೆಗಳು ಕೆಂಪಗೆ ಕಾಯುತ್ತವೆ, ಒಡೆದರೆ ಹತ್ತಿರ ನಿಂತವರು ಉಳಿಯುವುದಿಲ್ಲ. ಹತ್ತಿರ ನಿಲ್ಲುವವರು ನಮ್ಮಪ್ಪ. ನಾನು ಕಾಲೇಜಿಗೆ ರಜೆ ಹಾಕಿ, ನನ್ನ ಸರ್ಕ್ಯೂಟನ್ನು ಒಂದು ಡಬ್ಬಿಯಲ್ಲಿ ಕೂಡಿಸಿ ಕಂಟ್ರೋಲ್ ರೂಮಿನ ಪ್ಯಾನೆಲ್ಲಿಗೆ ಜೋಡಿಸಿ, ಅಪ್ಪನ ಕ್ವಾರ್ಟರ್ಸಿನಲ್ಲೇ ಉಳಿದೆ. ಎರಡು ಗೀಟಿನ ವಿಷಯ ಸಾಹೇಬರಿಗೆ ಹಿಡಿಸಲಿಲ್ಲ. "ಏನರ ಒಂದು ಅಂಕಿ ತೋರಸ್ರಿ ಮೇಡಂ, ಹಿಂದಿಂದರ ತೋರಸ್ರಿ. ಗೀಟು ನೋಡಿ ನಾ ಏನ್ ಮಾಡ್ಲಿ?" ಎಂದರು. ನಾನು ಒಪ್ಪಲಿಲ್ಲ. ಮೊಂಡುತನ ನಮ್ಮ ಮನೆಯ ಆಸ್ತಿ.

ನನ್ನ ಡಬ್ಬಿ ಬಂದರೂ ಹಳೆಯ ಪದ್ಧತಿಯನ್ನು ಯಾರೂ ಬಿಡಲಿಲ್ಲ. ಡ್ರಮ್ಮಿನ ಮಗ್ಗುಲಲ್ಲಿ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗಿನ ನೀರು ಅದರಲ್ಲಿ ಕಾಣುತ್ತದೆ. ಅಪ್ಪ ಕಬ್ಬಿಣದ ಏಣಿ ಹತ್ತಿ ಅಟ್ಟದ ಮೇಲೆ ನಿಂತು ಗಾಜು ನೋಡಿ ಹೇಳಬೇಕು. ಜೊತೆಗಾರ ಅದನ್ನು ವಾಕಿಟಾಕಿಯಲ್ಲಿ ತಿರುಗಿ ಹೇಳಬೇಕು. ಅಳತೆ ಬಟ್ಟಿನಲ್ಲಿ, ಅಂದರೆ ಬೆರಳಿನ ಅಗಲದಲ್ಲಿ. "ಅರ್ಧಕ್ಕ ಸರಿ", "ಅರ್ಧಕ್ಕ ಎರಡು ಬಟ್ಟು ಕೆಳಗ" ಎಂದು. ಆ ಜೊತೆಗಾರ ಖಾಜಾ ಚಾಚಾ. ಜೇವರ್ಗಿಯವರು, ವಯಸ್ಸಿನಲ್ಲಿ ಅಪ್ಪನಿಗಿಂತ ಬಹಳ ಸಣ್ಣವರು. ಹಿಂದೊಮ್ಮೆ ಉಗಿ ತಗಲಿ ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಬಿದ್ದಾಗ ಅವರ ಪಾಳಿಯನ್ನೂ ಅಪ್ಪನೇ ಮಾಡಿ ಕೆಲಸ ಉಳಿಸಿದ್ದರಂತೆ. ಅಂದಿನಿಂದ ಅವರಿಗೆ ಅಪ್ಪ ಅಂದರೆ ಒಡಹುಟ್ಟಿದ ಅಣ್ಣ. ನನ್ನನ್ನು ನೋಡಿದಾಗಲೆಲ್ಲ, "ಬೇಟಿ, ನಿನ್ನ ಡಬ್ಬಿ ನಮ್ಮ ನೌಕರಿ ತಿಂದಗಿಂದೀತು, ನೋಡು ಮತ್ತ" ಎಂದು ಚೇಷ್ಟೆ ಮಾಡುತ್ತಿದ್ದರು.

ಚಳಿಗಾಲದಲ್ಲಿ ಎಲ್ಲ ಸರಿ ಇತ್ತು. ಎಳ್ಳ ಅಮಾವಾಸ್ಯೆಗೆ ಅಪ್ಪನೂ ನಾನೂ ಮಟಕಿಗೆ ಹೋಗಿ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಉಣ್ಣಲು ಕೂತೆವು. ಸಜ್ಜೆ ಕಡಬು, ಭಜ್ಜಿ ಪಲ್ಯ, ಅಂಬಲಿ. ಅಪ್ಪ ಬಟ್ಟಲಿಗೆ ಅಂಬಲಿ ಸುರಿಯುವಾಗ ಧಾರೆ ಬಟ್ಟಲಿನ ಹೊರಗೆ ಬೀಳುವುದರಲ್ಲಿತ್ತು. ಅವ್ವ ಮಾತು ನಿಲ್ಲಿಸದೆ, ಅವರ ಕಡೆ ನೋಡದೆ, ಬಟ್ಟಲನ್ನು ಧಾರೆಯ ಕೆಳಗೆ ಸರಿಸಿದಳು. ನಾನು ಅದನ್ನು ನೋಡಿದೆ. ಗಂಡ ಹೆಂಡತಿ ಇಷ್ಟು ವರ್ಷ ಬಾಳಿದ ಮೇಲೆ ಕೈಗೆ ಕೈ ಹೊಂದಿಕೊಂಡಿರುತ್ತದೆ ಎಂದು ಸಂತೋಷವೇ ಆಯಿತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು, ನನ್ನ ನೆಮ್ಮದಿಯೂ ಅದರ ಹಿಂದೆಯೇ ಹೋಯಿತು. ಬಿಸಿಲು ಏರಿದಂತೆ ಬಾಯ್ಲರ್ ಮನೆಯಲ್ಲಿ ನಿಲ್ಲುವುದೇ ಕಷ್ಟ, ಕಂಟ್ರೋಲ್ ರೂಮಿನ ಏಸಿ ಎಂದೋ ಕೆಟ್ಟಿತ್ತು. ಡಬ್ಬಿಯ ಅಂಕಿಗಳು ಗಾಜಿನ ಅಳತೆಗೆ ಹೊಂದದೆ ಹೋದವು. ಇದ್ದಕ್ಕಿದ್ದಂತೆ ನೀರು ಏರಿದಂತೆ ತೋರಿಸುವುದು, ಮರುಕ್ಷಣ ಇಳಿದಂತೆ ತೋರಿಸುವುದು. ಸಾಹೇಬರು ನನ್ನ ಮುಖ ನೋಡುವುದು, ನಾನು ಡಬ್ಬಿಯ ಮುಖ ನೋಡುವುದು. ಊಟ ಸೇರಲಿಲ್ಲ. ಮಲಗಿದರೆ ಕಣ್ಣ ಮುಂದೆ ಅಟ್ಟದ ಮೇಲೆ ನಿಂತ ಅಪ್ಪ ಬರುತ್ತಿದ್ದರು, ಅವರ ಹಿಂದೆ ಕೆಂಪಗೆ ಕಾದ ಕೊಳವೆ ಬರುತ್ತಿತ್ತು.

ತಪ್ಪು ಸಿಕ್ಕಿತು, ಅದು ನನ್ನ ಸರ್ಕ್ಯೂಟಿನದೇ. ಅಂಕಿ ಮೆಮೊರಿಗೆ ಹೋಗುವ ಆ ಕಣ್ಣೆವೆ ಮಿಟುಕುವ ಹೊತ್ತಿನಲ್ಲೇ ಸಾಕ್ಷಿಗಳ ಲೆಕ್ಕವೂ ಮುಗಿದಿರಬೇಕು. ತಂಪು ಕೋಣೆಯಲ್ಲಿ ಮುಗಿಯುತ್ತಿತ್ತು. ಕಾವಿನಲ್ಲಿ ಸರ್ಕ್ಯೂಟಿನ ಚಿಪ್ ನಿಧಾನವಾಗುತ್ತದೆ. ಹೊಸ ಅಂಕಿ ಒಳಗೆ ಹೋಗುತ್ತಿತ್ತು, ಅದರ ಸಾಕ್ಷಿ ಇನ್ನೂ ಬರುವ ದಾರಿಯಲ್ಲೇ ಇರುತ್ತಿತ್ತು, ಹಿಂದಿನ ಅಂಕಿಯ ಸಾಕ್ಷಿಯೇ ಪಕ್ಕದಲ್ಲಿ ಕೂತುಬಿಡುತ್ತಿತ್ತು. ಆಮೇಲೆ ತೆಗೆದು ನೋಡುವ ಸರ್ಕ್ಯೂಟು, ಪಾಪ, ಆ ಸಾಕ್ಷಿಯನ್ನು ನಂಬಿ ಸರಿ ಇದ್ದ ಅಂಕಿಯನ್ನೇ ತಿದ್ದಿ ತಪ್ಪು ಮಾಡುತ್ತಿತ್ತು. ತಿದ್ದಲೆಂದು ಇಟ್ಟದ್ದೇ ಕೆಡಿಸುತ್ತಿದೆ ಎಂದು ತಿಳಿದಾಗ ನನಗೆ ಅಳು ಬಂತು.

ಲೆಕ್ಕವನ್ನು ಬೇಗ ಮುಗಿಸುವುದು ಹೇಗೆ ಎನ್ನುವುದೊಂದೇ ಉಳಿದ ಪ್ರಶ್ನೆ. ತಲೆ ಕೆಟ್ಟು ಮಟಕಿಗೆ ಹೋಗಿ ಅವ್ವನ ರೊಟ್ಟಿ ಮನೆಯಲ್ಲಿ ಕೂತೆ. ಅವ್ವ ರೊಟ್ಟಿಯನ್ನು ಜೋಡಿ ಜೋಡಿಯಾಗಿಯೇ ಕಟ್ಟಿಸುವವಳು. ಒಂಟಿ ರೊಟ್ಟಿ ಉಳಿದರೆ ಗಂಟು ಕಟ್ಟುವುದಿಲ್ಲ, ಇನ್ನೊಂದು ತಟ್ಟಿಸಿಯೇ ಕಟ್ಟುತ್ತಾಳೆ. ಇಡೀ ರಾಶಿಯನ್ನು ಒಬ್ಬಳೇ ಜೋಡಿಸುತ್ತ ಕೂತರೆ ಬಸ್ಸು ತಪ್ಪುತ್ತದೆ. ಅದಕ್ಕೇ ಒಬ್ಬೊಬ್ಬಳೂ ತನ್ನ ಮುಂದಿನ ರಾಶಿಯನ್ನು ಒಂದೇ ಹೊತ್ತಿಗೆ ಜೋಡಿಸುತ್ತಾಳೆ, ಉಳಿದ ಒಂಟಿಯನ್ನು ಪಕ್ಕದವಳ ಒಂಟಿಗೆ ಸೇರಿಸುತ್ತಾಳೆ, ಕೊನೆಗೆ ಒಂಟಿ ಉಳಿಯಿತೋ ಇಲ್ಲವೋ ಎನ್ನುವುದು ಹಂಚು ಆರುವುದರೊಳಗೆ ತಿಳಿದಿರುತ್ತದೆ. ನನ್ನ ಸಾಕ್ಷಿಗಳ ಲೆಕ್ಕವೂ ಜೋಡಿಯೋ ಒಂಟಿಯೋ ಎನ್ನುವ ಲೆಕ್ಕವೇ. ನಾನು ಮಾತ್ರ ಅದನ್ನು ಒಂದರ ಹಿಂದೊಂದು ಉದ್ದಕ್ಕೆ ಕಟ್ಟಿದ್ದೆ. ಚಿಕ್ಕಂದಿನಿಂದ ಆ ರೊಟ್ಟಿಯನ್ನು ತಿಂದು ಬೆಳೆದವಳಿಗೆ ಅದು ಹೊಳೆಯಲು ಇಷ್ಟು ದಿನ ಬೇಕಾಯಿತು. ನೆಲೋಗಿಗೆ ವಾಪಸು ಬಂದು ಇಡೀ ಸರ್ಕ್ಯೂಟನ್ನು ಜೋಡಿ ಜೋಡಿಯಾಗಿ ಮತ್ತೆ ಕಟ್ಟಿದೆ. ನಡು ಮಧ್ಯಾಹ್ನದ ಕಾವಿನಲ್ಲೂ ಸಾಕ್ಷಿಗಳು ಹೊತ್ತಿಗೆ ಸರಿಯಾಗಿ ಬಂದು ಕೂತವು.

ಆದರೆ ಅಂಕಿಗಳು ಗಾಜಿನ ಅಳತೆಗೆ ಆಗಾಗ ಇನ್ನೂ ತಾಳೆಯಾಗುತ್ತಿರಲಿಲ್ಲ. ಡಬ್ಬಿ ಒಂದು ಹೇಳಿದರೆ ಅಟ್ಟದ ಮೇಲಿನಿಂದ ಬಂದ ಮಾತು ಇನ್ನೊಂದು ಹೇಳುತ್ತಿತ್ತು.

"ಡಬ್ಬೀನ ತಪ್ಪು ಮೇಡಂ. ನಿಮ್ಮಪ್ಪನ ಕಣ್ಣು ತಪ್ಪಂಗಿಲ್ಲ" ಎಂದರು ಸಾಹೇಬರು. ನಾನೂ ಹಾಗೆಯೇ ತಿಳಿದು ಡಬ್ಬಿಯನ್ನು ಬಿಚ್ಚಿ ಬಿಚ್ಚಿ ನೋಡಿದೆ. ಬಹಳ ತಡವಾಗಿ ಒಂದು ಸಂಗತಿ ಗಮನಕ್ಕೆ ಬಂತು. ಖಾಜಾ ಚಾಚಾ ಪಾಳಿಯಲ್ಲಿದ್ದಾಗ ಎರಡೂ ಅಳತೆಗಳು ಹೊಂದುತ್ತಿದ್ದವು. ಅವರು ರಜೆ ಹೋಗಿ ಬೇರೆಯವನು ನಿಂತ ದಿನ ಮಾತ್ರ ಹೊಂದುತ್ತಿರಲಿಲ್ಲ.

ಖಾಜಾ ಚಾಚಾ ಪಾಳಿಗೆ ಬಂದ ಒಂದು ದಿನ ನಾನೇ ಏಣಿ ಹತ್ತಿ ಅವರಿಬ್ಬರ ಹಿಂದೆ ನಿಂತೆ. ಅಪ್ಪ ಗಾಜಿನ ಹತ್ತಿರ ಬಾಗಿ, "ಅರ್ಧಕ್ಕ ಎರಡು ಬಟ್ಟು ಮ್ಯಾಲ" ಎಂದರು. ಖಾಜಾ ಚಾಚಾ ಗಾಜಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ವಾಕಿಟಾಕಿಯನ್ನು ಬಾಯಿಗೆ ಹಿಡಿದು, "ಅರ್ಧಕ್ಕ ಸರಿ ಅದರಿ" ಎಂದರು. ಆ ಗದ್ದಲದಲ್ಲಿ ಅಪ್ಪನಿಗೆ ಅದು ಕೇಳಲಿಲ್ಲ. ನಾನು ಗಾಜು ನೋಡಿದೆ. ನೀರು ಅರ್ಧಕ್ಕೆ ಸರಿಯಾಗಿ ನಿಂತಿತ್ತು.

ಕೆಳಗೆ ಚಹಾದಂಗಡಿಯ ಹತ್ತಿರ ಅವರನ್ನು ಹಿಡಿದು ಕೇಳಿದೆ. ಮೊದಲು ನಕ್ಕರು, ಆಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಹೋದ ಹಂಗಾಮಿನಿಂದ ಹಿಂಗ ಅದ ಬೇಟಿ. ಅಣ್ಣಗ ಗಾಜು ಮಂಜು ಮಂಜು ಕಾಣ್ತದ. ಬಾಯ್ಲರಿನ ಸಪ್ಪಳ ಕೇಳಿ ಅಂದಾಜಿಲೆ ಹೇಳ್ತಾನ. ಬಹಳ ಸಲ ಸರಿನೇ ಇರ್ತದ."

"ಸರಿ ಇಲ್ದಾಗ?"

"ನಾ ಇದ್ದೇನಲ್ಲ? ತಿದ್ದಿ ಹೇಳ್ತೇನಿ."

"ಅವರಿಗೆ ಹೇಳಬಾರದಾ ಚಾಚಾ?"

"ದೊಡ್ಡವರ ಮಾರಿ ಮುಂದ, ನಿಮಗ ಕಾಣಂಗಿಲ್ಲ ಅಂತ ಹ್ಯಾಂಗ ಹೇಳ್ಲಿ? ಹಂಗಾಮು ಮುಗೀಲಿ. ನೀನೂ ಸುಮ್ನಿರು, ನಿನ್ನ ಕಾಲ್ ಬೀಳ್ತೇನಿ."

ಆಗ ನನಗೆ ಎಳ್ಳ ಅಮಾವಾಸ್ಯೆಯ ಅಂಬಲಿ ಬಟ್ಟಲು ನೆನಪಾಯಿತು. ನಮ್ಮ ಕಡೆ ಪ್ರೀತಿ ಇದ್ದಲ್ಲಿ ಹೀಗೆಯೇ, ತಪ್ಪನ್ನು ಹೇಳುವುದಿಲ್ಲ, ಸರಿಸಿಬಿಡುತ್ತಾರೆ. ಅತ್ತ ಅವ್ವ, ಇತ್ತ ಖಾಜಾ ಚಾಚಾ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಸದ್ದಿಲ್ಲದೆ ತಿದ್ದುತ್ತ ಬಂದಿದ್ದರು. ಅದಕ್ಕೇ ಅಪ್ಪನ ಕಣ್ಣು ಎಷ್ಟು ಕೆಟ್ಟಿದೆ ಎನ್ನುವುದು ಅಪ್ಪನನ್ನೂ ಸೇರಿಸಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು. ತಿದ್ದುವವರು ಇಲ್ಲದ ದಿನ ನನ್ನ ಡಬ್ಬಿಯೂ ತಪ್ಪಿದರೆ ಆಮೇಲೆ ಯಾರು?

ಅಂದು ಸಂಜೆ ಕ್ವಾರ್ಟರ್ಸಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ನನ್ನ ಕಣ್ಣಿನ ಪರೀಕ್ಷಾ ಮಾಡಾಕ ಬಂತೇನು ನಿನ್ನ ಡಬ್ಬಿ?"

"ಡಬ್ಬಿ ಅಲ್ಲಪ್ಪಾ, ನಾ ಕಣ್ಣಾರೆ ನೋಡೇನಿ. ಸಾಹೇಬರಿಗೆ ಹೇಳ್ರಿ. ಕೆಳಗಿನ ಕೆಲಸ ಕೊಡ್ತಾರ."

"ಕೆಳಗ ನಿಂತು ಬಗಾಸ್ ಸಿಪ್ಪಿ ಬಳೀಲೇನು? ಇಷ್ಟು ವರ್ಷ ಮ್ಯಾಲ ನಿಂತಾವ?"

"ನಾಳಿ ಪಾಳಿ ಮುಗಿಯೂದ್ರಾಗ ನೀವು ಹೇಳ್ರಿ. ಇಲ್ಲಂದ್ರ ನಾ ಹೇಳ್ತೇನಿ."

ಅವರು ತಾಟನ್ನು ಸರಿಸಿ ಎದ್ದರು.

ಮರುದಿನ ಶುಕ್ರವಾರ. ಮಧ್ಯಾಹ್ನ ಖಾಜಾ ಚಾಚಾ ಜುಮ್ಮಾ ನಮಾಜಿಗೆ ನೆಲೋಗಿಗೆ ಹೋದರು. ಅವರ ಬದಲಿಗೆ ನಿಲ್ಲಬೇಕಾದವನು ಇನ್ನೂ ಬಂದಿರಲಿಲ್ಲ, ಅಪ್ಪ ವಾಕಿಟಾಕಿಯನ್ನು ತಾವೇ ಇಟ್ಟುಕೊಂಡು ಅಟ್ಟ ಹತ್ತಿದ್ದರು. ನಾನು ಕಂಟ್ರೋಲ್ ರೂಮಿನಲ್ಲಿ, ಸಾಹೇಬರು ಒಬ್ಬರೇ ಆಗಲಿ ಎಂದು ಕಾಯುತ್ತ, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಹೊರಗೆ ಯಾವುದೋ ದೊಡ್ಡ ಮೋಟಾರು ಶುರುವಾಯಿತು, ದೀಪಗಳು ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಂಡವು. ಪ್ಯಾನೆಲ್ಲಿನ ಮೇಲೆ ಅಂಕಿ ಹೋಗಿ ಎರಡು ಗೀಟು ಬಂದವು. ಪಕ್ಕದಲ್ಲಿ ಕೆಂಪು ದೀಪ ಹತ್ತಿತು. ಗೀಟು ಹೋಗಲೇ ಇಲ್ಲ.

"ಏನಿದು?" ಎಂದರು ಸಾಹೇಬರು.

"ತಿದ್ದಾಕ ಆಗದಷ್ಟು ತಪ್ಪಾಗ್ಯಾವ್ರಿ ಸರ್. ಅದಕ್ಕ ಗೊತ್ತಿಲ್ಲ. ಗಾಜೇ ನೋಡಬೇಕು."

ಸಾಹೇಬರು ನನ್ನನ್ನು ಬೈಯಲು ಬಾಯಿ ತೆರೆದವರು, ಅದನ್ನು ಬಿಟ್ಟು ವಾಕಿಟಾಕಿ ಎತ್ತಿದರು. "ಶರಣಪ್ಪಾ, ಡಬ್ಬ್ಯಾಗ ಗೀಟು ಬಂದಾವ. ನೀರು ಎಷ್ಟದ?"

ವಾಕಿಟಾಕಿಯಲ್ಲಿ ಬರೀ ಬಾಯ್ಲರಿನ ಮೊರೆತ ಕೇಳುತ್ತಿತ್ತು. ನಾನು ಬಾಗಿಲಿಗೆ ಓಡಿ ಮೇಲೆ ನೋಡಿದೆ. ಅಪ್ಪ ಗಾಜಿಗೆ ಹಣೆ ತಾಗುವಷ್ಟು ಬಾಗಿದ್ದರು. ಒಮ್ಮೆ ಕಣ್ಣು ಉಜ್ಜಿದರು, ಟವೆಲಿನಿಂದ ಗಾಜು ಒರೆಸಿದರು, ಮತ್ತೆ ಬಾಗಿದರು. ಅರ್ಧಕ್ಕ ಸರಿ ಎಂದುಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಸಪ್ಪಳ ಕೇಳಿ ಅಂದಾಜು ಹೇಳಿ ಅವರಿಗೆ ರೂಢಿ. ಸಾಹೇಬರು ನಂಬುತ್ತಾರೆ ಎನ್ನುವುದೂ ಗೊತ್ತಿತ್ತು. ನಾನು ಸಾಹೇಬರ ಕಡೆ ತಿರುಗಿ ಹೇಳಲು ಹೊರಟೆ, ಅಷ್ಟರಲ್ಲಿ ಅವರು ಮತ್ತೆ ವಾಕಿಟಾಕಿ ಒತ್ತಿದ್ದರು.

"ಶರಣಪ್ಪಾ, ನೀರು?"

"ಕಾಣವಲ್ದರಿ" ಎಂದಿತು ವಾಕಿಟಾಕಿ.

"ಏನಂದಿ?"

"ನನಗ ಕಾಣವಲ್ದರಿ ಸಾಹೇಬ್ರ. ನನ್ನ ಕಣ್ಣು ಹೋಗ್ಯಾವ್ರಿ. ಬೆಂಕಿ ಇಳಸ್ರಿ."

ಕಂಟ್ರೋಲ್ ರೂಮಿನಲ್ಲಿದ್ದವರೆಲ್ಲ ಅದನ್ನು ಕೇಳಿದರು. ಕಾರ್ಖಾನೆಯಲ್ಲಿ ಯಾರ ಕೈಯಲ್ಲಿ ವಾಕಿಟಾಕಿ ಇತ್ತೋ ಅವರೆಲ್ಲರೂ ಕೇಳಿದರು. ಸಾಹೇಬರು ಬೆಂಕಿಗೆ ಉರುವಲಾಗಿ ಬೀಳುವ ಬಗಾಸ್ ಸಿಪ್ಪೆಯನ್ನು ಬಂದ್ ಮಾಡಿಸಿ ತಾವೇ ಏಣಿ ಹತ್ತಿದರು. ನೀರು ಗಾಜಿನ ತಳದ ತಿರುಪಿಗೆ ಹತ್ತಿಕೊಂಡಿತ್ತು. ಮೋಟಾರು ಶುರುವಾದ ಹೊತ್ತಿಗೆ ನೀರು ಕಳಿಸುವ ಪಂಪು ನಿಂತುಹೋಗಿತ್ತು, ಯಾರೂ ಗಮನಿಸಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಆ ಬೆಂಕಿ ಉರಿದಿದ್ದರೆ ಕೊಳವೆಗಳು ಒಡೆಯುತ್ತಿದ್ದವು. ಸಾಹೇಬರು ಕೆಳಗೆ ಇಳಿದು ಬಂದು ಒಂದು ಗ್ಲಾಸು ನೀರು ಕುಡಿದು, ನನ್ನ ಡಬ್ಬಿಯ ಗೀಟುಗಳನ್ನು ನೋಡುತ್ತ ನಿಂತರು.

ಅಪ್ಪ ಏಣಿ ಇಳಿಯುವಾಗ ನಾನು ಕೆಳಗೆ ನಿಂತಿದ್ದೆ. ಕಡೆಯ ಮೆಟ್ಟಿಲನ್ನು ಕಾಲಿನಿಂದ ತಡವರಿಸಿ ಹುಡುಕಿದರು. ಕೈ ಹಿಡಿದೆ, ಕೊಸರಲಿಲ್ಲ. ನಮಾಜು ಮುಗಿಸಿ ಬಂದ ಖಾಜಾ ಚಾಚಾ ಸುದ್ದಿ ಕೇಳಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತರು. "ನಾ ಇದ್ದಿದ್ರ ನಿನಗ ಹಂಗ ಅನ್ನೂ ಪಾಳಿ ಬರ್ತಿರಲಿಲ್ಲ ಅಣ್ಣಾ" ಎಂದರು.

"ಅದಕ್ಕ ನೀ ಇರ್ಲಿಲ್ಲ, ಛಲೋ ಆತು" ಎಂದರು ಅಪ್ಪ.

ಕಲಬುರಗಿಯ ಕಣ್ಣಿನ ಡಾಕ್ಟರು ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಬಹುದು ಎಂದರು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದೂ ಅಂದರು. ಅವ್ವ ನೆಲ ನೋಡುತ್ತ ಕೂತಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅಪ್ಪನನ್ನು ಕೇಳಿದೆ, ಅಂದು ಹೇಳಲು ಮನಸ್ಸು ಹೇಗೆ ಬಂತು ಎಂದು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. "ಗೀಟು ಬಂದಾವ ಅಂತ ಸಾಹೇಬರು ಅಂದಿದ್ದು ವಾಕಿಟಾಕ್ಯಾಗ ಕೇಳ್ತು. ನಿನ್ನ ಡಬ್ಬಿ ಅಷ್ಟು ಮಂದಿ ಮುಂದ ನನಗ ಗೊತ್ತಿಲ್ಲ ಅಂತ ಕುಂತಿತ್ತು. ಅದನ್ನ ಹಡದಾಕಿ ನನ್ನ ಮಗಳು. ನಾ ಹ್ಯಾಂಗ ಸುಳ್ಳು ಹೇಳ್ಲಿ?"

ಅಪ್ಪ ಮತ್ತೆ ಬಾಯ್ಲರ್ ಅಟ್ಟ ಹತ್ತಲಿಲ್ಲ. ನನ್ನ ಮೇಲಿನ ಸಿಟ್ಟನ್ನೂ ಕೆಲವು ದಿನ ಬಿಡಲಿಲ್ಲ, ಅದನ್ನು ಮುಚ್ಚಿ ಹೇಳುವುದು ಬೇಡ. ಈಗ ಅವ್ವನ ರೊಟ್ಟಿ ಮನೆಯಲ್ಲಿ ಕೂತು ಕೈಯಿಂದ ಮುಟ್ಟಿ ಮುಟ್ಟಿ ಜೋಡಿ ಮಾಡುತ್ತಾರೆ. ಹೆಣ್ಣುಮಕ್ಕಳು ಮೊದಮೊದಲು ಅವರ ತಪ್ಪನ್ನು ಸುಮ್ಮನೆ ಸರಿಪಡಿಸಿಬಿಡುತ್ತಿದ್ದರು. ಅವ್ವ ಅದನ್ನು ನಿಲ್ಲಿಸಿದಳು. ತಪ್ಪಿದರೆ ಈಗ ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ, ಅಪ್ಪ ಬಾಯಿಬಿಟ್ಟು ಬೈಯುತ್ತಾರೆ.

ಅಫಜಲಪುರದಿಂದ ಹೊರಟು, ಆಳಂದದಲ್ಲಿ ಬಸ್ಸು ಬದಲಿಸಿ ನಾನು ಮಟಕಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಮೊದಲಾಗಿದ್ದರೆ ಹೆಜ್ಜೆಯ ಸಪ್ಪಳದಿಂದ ಅಂದಾಜು ಮಾಡಿ ಯಾರದೋ ಹೆಸರು ಕೂಗುತ್ತಿದ್ದರು, ತಪ್ಪಿದ್ದರೂ ಬಂದವರು ತಿದ್ದುತ್ತಿರಲಿಲ್ಲ.

"ಯಾರವ್ವಾ ಅದು?" ಎಂದರು. "ನನಗ ಕಾಣವಲ್ದು."

"ನಾನಪ್ಪಾ, ಸುವರ್ಣಾ" ಎಂದೆ.